ಎರಡು ಸೂಜಿಗಳ ನಡುವಿನ ಸೊಂಟ

ನಕ್ಷೆ ಕಛೇರಿಯ ಡ್ರಾಫ್ಟ್ಸ್‌ಮನ್ ತಿರುಮಲೇಶನಿಗೆ ಜನರ ಮುಖ ಮರೆತುಹೋಗುತ್ತಿತ್ತು, ಹೆಸರು ಮರೆತುಹೋಗುತ್ತಿತ್ತು, ನಡಿಗೆ ಮಾತ್ರ ಮರೆಯುತ್ತಿರಲಿಲ್ಲ. ಸೂಪರಿಂಟೆಂಡೆಂಟರು ಹೊಟ್ಟೆಯನ್ನು ಎರಡು ಹೆಜ್ಜೆ ಮುಂದೆ ಕಳಿಸಿ ತಾವು ಹಿಂದಿನಿಂದ ಹೋಗಿ ಅದನ್ನು ಕೂಡಿಕೊಳ್ಳುವ ನಡಿಗೆ, ಹೆಡ್‌ಗುಮಾಸ್ತರು ಬಿಸಿ ಹೆಂಚಿನ ಮೇಲೆ ಕಾಲಿಟ್ಟಂತೆ ಹೆಜ್ಜೆ ಇಡುವ ನಡಿಗೆ, ಎಲ್ಲವೂ ಅವನಲ್ಲಿ ಭದ್ರವಾಗಿದ್ದವು. ಮಧ್ಯಾಹ್ನ ಟಿಫನ್ ಹೊತ್ತಿಗೆ ಡ್ರಾಯಿಂಗ್ ಮೇಜುಗಳ ನಡುವೆ ಅವನು ಒಂದು ಸುತ್ತು ನಡೆದರೆ ಸಾಕು, ಕಛೇರಿಗೆ ಕಛೇರಿಯೇ ಅವನೊಬ್ಬನ ಕಾಲಿನಲ್ಲಿ ನಡೆದು ಹೋದಂತಾಗುತ್ತಿತ್ತು.

ಇವೆಲ್ಲಕ್ಕೂ ಕಿರೀಟವೆಂದರೆ ಬೈರಣ್ಣನ ನಡಿಗೆ.

ಬೈರಣ್ಣ ಅವನ ಮನೆ ಮಾಲೀಕ. ಯಡಿಯೂರಿನ ಹಳೆಯ ಒಕ್ಕಲು. ಹೊಲವೆಲ್ಲ ಜಯನಗರವಾಗಿ, ರಾಗಿ ಬೆಳೆದಿದ್ದ ಜಾಗದಲ್ಲಿ ಅಡ್ಡರಸ್ತೆಗಳು ಬೆಳೆದ ಮೇಲೆ, ಉಳಿದ ತುಂಡಿನಲ್ಲಿ ನಾಲ್ಕು ಮನೆಯ ವಠಾರ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದ. ಅವನ ಬಲಗಾಲು ಸರಿಯಿರಲಿಲ್ಲ. ಇಲ್ಲದ ಹೊಸ್ತಿಲನ್ನು ದಾಟುವವನಂತೆ ಮಂಡಿಯನ್ನು ಎತ್ತರಕ್ಕೆ ಎತ್ತುತ್ತಿದ್ದ. ಪಾದ ಕೆಳಗೆ ಜೋತಾಡುತ್ತಿತ್ತು. ಆಮೇಲೆ ಒದ್ದೆ ಬಟ್ಟೆ ಒಗೆಯುವ ಕಲ್ಲಿಗೆ ಬಿದ್ದ ಹಾಗೆ ನೆಲಕ್ಕೆ ಬೀಳುತ್ತಿತ್ತು: ಟಪ್. ಮತ್ತೆ ಎತ್ತುವುದು, ಮತ್ತೆ ಟಪ್. ಆ ಸದ್ದು ಕೇಳಿದರೆ ವಠಾರದ ಹೆಂಗಸರು ಸೆರಗು ಸರಿಮಾಡಿಕೊಳ್ಳುತ್ತಿದ್ದರು. ತಿರುಮಲೇಶ ಕದದ ಹಿಂದೆ ನಿಂತು ಅದೇ ಸದ್ದು ಮಾಡಿದರೂ ಸರಿಮಾಡಿಕೊಳ್ಳುತ್ತಿದ್ದರು. ಅಷ್ಟು ನಿಖರ.

ಸಾವಿರದ ಒಂಬೈನೂರ ಅರವತ್ತೊಂದರ ಬೇಸಿಗೆಯಲ್ಲಿ ನೋವು ಅವನ ಬೆನ್ನು ಹತ್ತಿತು. ಹತ್ತಿತು ಎಂದರೆ ನಿಜವಾಗಿಯೂ ಹತ್ತಿ ಕೂತಿತು, ಇಳಿಯಲಿಲ್ಲ. ಹದಿಮೂರು ವರ್ಷ ಎತ್ತರದ ಸ್ಟೂಲಿನ ಮೇಲೆ ಬಗ್ಗಿ ಊರಿಗೆಲ್ಲ ನೇರ ಗೆರೆ ಎಳೆದವನ ಸೊಂಟ ಈಗ ನೇರವಾಗಲು ಒಪ್ಪಲಿಲ್ಲ. ಸೊಂಟದಿಂದ ಹೊರಟ ನೋವು ಎಡತೊಡೆಯ ಹಿಂಭಾಗ ಹಾದು, ಮೀನಖಂಡ ಬಳಸಿ, ಎಡಗಾಲಿನ ಹೆಬ್ಬೆರಳಿಗೆ ಬಂದು ನಿಲ್ಲುತ್ತಿತ್ತು. ‘ನಮ್ಮ ಬಿ.ಟಿ.ಎಸ್. ಬಸ್ಸಿಗಿಂತ ವಾಸಿ ಕಣೆ. ಹೊರಡೋ ಜಾಗ, ತಲುಪೋ ಜಾಗ ಎರಡೂ ಖಚಿತ’ ಎಂದು ಹೆಂಡತಿ ಪಂಕಜಾಗೆ ಹೇಳಿದ. ಹೇಳಿ ನಗಲು ಹೋಗಿ, ಸೊಂಟ ಹಿಡಿದುಕೊಂಡು ಗೋಡೆಗೆ ಒರಗಿದ.

ಜುಲೈನಲ್ಲಿ ದೊಡ್ಡಾಸ್ಪತ್ರೆಗೆ ಹೋದರು. ಅಲ್ಲಿನ ಮೂಳೆ ಡಾಕ್ಟರು ಎಕ್ಸ್‌ರೇ ಹಾಳೆಯನ್ನು ಕಿಟಕಿಗೆ ಹಿಡಿದು, ಮೂಗಿನಲ್ಲೇ ಮಾತಾಡಿದರು. ‘ಲಿಸನ್, ಮಿಸ್ಟರ್ ತಿರುಮಲೇಶ್. ಎರಡು ಮೂಳೆ ಮಧ್ಯದ ಡಿಸ್ಕು ಜಾರಿ ನರದ ಮೇಲೆ ಕೂತಿದೆ. ರೆಸ್ಟ್ ತಗೊಳ್ಳಿ. ಇವತ್ತೇ ಆಪರೇಷನ್ ಬೇಡ. ಆದ್ರೆ ಒಂದು ಮಾತು. ನೋವಿದೆ ಅಂದ್ರೆ ನರ ಬದುಕಿದೆ ಅಂತ ಅರ್ಥ. ನೋವು ಇದ್ದಕ್ಕಿದ್ದ ಹಾಗೆ ನಿಂತುಹೋದ್ರೆ ಖುಷಿ ಪಡಬೇಡಿ. ದಿನಾ ಬೆಳಿಗ್ಗೆ ಎದ್ದು ಹಿಮ್ಮಡಿ ಊರಿ ನಿಂತ್ಕೊಂಡು ಎಡಗಾಲಿನ ಬೆರಳು ಮೇಲಕ್ಕೆ ಎತ್ತಿ. ಎತ್ತೋಕೆ ಆಗದೆ ಹೋದ ದಿನ ಓಡಿ ಬನ್ನಿ. ಎರಡು ದಿನ, ಹೆಚ್ಚಂದ್ರೆ ಮೂರು ದಿನ ಕಾಲ ಇರುತ್ತೆ. ಆಮೇಲೆ ನಾನು ಕುಯ್ದರೂ ಆ ಪಾದ ವಾಪಸ್ ಬರಲ್ಲ.’

ಪಂಕಜಾ ಗಾಬರಿಯಿಂದ ಕೇಳಿಸಿಕೊಂಡಳು. ತಿರುಮಲೇಶನೂ ಕಿವಿಗೊಟ್ಟಿದ್ದ. ಅವನ ಕಿವಿಗೆ ಬಿದ್ದದ್ದು ಆ ಮೂಗು. ‘ಬೆರಳು’ ಎನ್ನುವಾಗ ಡಾಕ್ಟರು ‘ರ’ವನ್ನು ಮೂಗಿನ ಒಂದು ಹೊಳ್ಳೆಯಿಂದ ಇನ್ನೊಂದಕ್ಕೆ ಕಳಿಸುವ ರೀತಿ.

ಮಾರನೆಯ ದಿನ ಕಛೇರಿಯಲ್ಲಿ ಹೊಸ ಐಟಂ ಸಿದ್ಧವಾಗಿತ್ತು. ಮೂಗು ಹಿಡಿದು, ಟ್ರೇಸಿಂಗ್ ಹಾಳೆಯನ್ನು ಬೆಳಕಿಗೆ ಒಡ್ಡಿ, ‘ಲಿಸ್ಸನ್, ಮಿಸ್ಟರ್! ಬೆರ್ರಳೆತ್ತಿ!’ ಎಂದು ತಾನೇ ಡಾಕ್ಟರಾಗಿ, ಮರುಕ್ಷಣ ತಾನೇ ರೋಗಿಯಾಗಿ ಬೆರಳೆತ್ತುತ್ತಿದ್ದ. ‘ಆ ಡಾಕ್ಟರಿಗೆ ಕಾಲದ ಚಿಂತೆಯೋ ಕಾಲಿನ ಚಿಂತೆಯೋ ಗೊತ್ತಾಗಲಿಲ್ಲ ಗುರು’ ಎಂದು ಪಕ್ಕದ ಮೇಜಿನ ಗೆಳೆಯ ಸೀನುಗೆ ಹೇಳಿದ. ಸೀನು ಮೇಜು ಬಡಿದು ನಕ್ಕ. ‘ಇನ್ನೊಂದ್ಸಲ ಮಾಡೋ.’ ಇನ್ನೊಂದು ಸಲ ಮಾಡಿದ. ದಿನಕ್ಕೆ ನಾಲ್ಕು ಸಲ ಮಾಡಿದ. ಪ್ರತಿ ಸಲವೂ ನೋವಿದ್ದ ಎಡಗಾಲನ್ನು ಮೇಜಿಗೆ ಆನಿಸಿ, ಸುಖವಾಗಿದ್ದ ಬಲಗಾಲಿನ ಬೆರಳು ಎತ್ತುತ್ತಿದ್ದ.

ಎಡಗಾಲಿನದ್ದನ್ನು ಮನೆಯಲ್ಲಿ ಒಂದು ವಾರ ಎತ್ತಿ ನೋಡಿದ. ಎದ್ದವು. ಆಮೇಲೆ ಬಿಟ್ಟ.

ಕುಯ್ಯಿಸಿಕೊಳ್ಳುವ ಭಯವಿದ್ದವನಿಗೆ ಚುಚ್ಚಿಸಿಕೊಳ್ಳುವುದು ಹಗುರವಾಗಿ ಕಂಡಿತು. ಲಾಲ್‌ಬಾಗಿನ ಪಶ್ಚಿಮದ ಗೇಟಿನ ಬಳಿ ಚೆನ್ ಎಂಬ ಹಲ್ಲು ಕಟ್ಟುವ ಚೀನೀ ವೈದ್ಯರಿದ್ದರು. ಹಲ್ಲಿನ ಕೋಣೆಯ ಹಿಂದಿನ ಇನ್ನೊಂದು ಕೋಣೆಯಲ್ಲಿ, ಕೇಳಿ ಬಂದವರಿಗೆ ಮಾತ್ರ, ತಮ್ಮ ತಾತನಿಂದ ಬಂದ ಸೂಜಿ ಚಿಕಿತ್ಸೆ ಕೊಡುತ್ತಿದ್ದರು. ಅತ್ತ ಸುದ್ದಗುಂಟೆಪಾಳ್ಯದಲ್ಲಿ ಚನ್ನಬಸವಯ್ಯ ಎಂಬುವರಿದ್ದರು. ಮಿಲಿಟರಿ ಆಸ್ಪತ್ರೆಯಲ್ಲಿ ಕಂಪೌಂಡರಾಗಿ ರಿಟೈರಾದವರು. ಕಲ್ಕತ್ತೆಯಲ್ಲಿ ಒಬ್ಬ ಚೀನೀಯನ ಮನೆಯಲ್ಲಿ ಆರು ತಿಂಗಳಿದ್ದು ಅದೇ ವಿದ್ಯೆಯನ್ನು ಬೇರೆ ಥರ ಕಲಿತು ಬಂದಿದ್ದರು.

‘ಯಾರ ಹತ್ರ ಹೋಗ್ತೀರಿ?’ ಎಂದಳು ಪಂಕಜಾ.

‘ಚೆನ್ ಆದರೇನು, ಚನ್ನ ಆದರೇನು? ಚೆನ್ನಾಗಾದರೆ ಸರಿ’ ಎಂದ ತಿರುಮಲೇಶ. ಅಂದವನು ಅಲ್ಲೇ ಬೆರಳು ಮಡಿಸಿ ಯೋಚಿಸಿದ. ಗೆರೆ ಎಳೆಯುವವನ ಬುದ್ಧಿ ಸುಮ್ಮನಿರಲಿಲ್ಲ. ‘ಇಬ್ಬರ ಹತ್ರಾನೂ ಹೋಗ್ತೀನಿ. ಒಂದು ವಾರ ಅವರು, ಒಂದು ವಾರ ಇವರು. ಯಾರ ಸೂಜಿ ಮೇಲು ಅಂತ ಅಳೆದೇ ಬಿಡ್ತೀನಿ.’

‘ಅಳೆಯೋಕೆ ಇದೇನು ಸೈಟಾ?’

‘ಸೊಂಟಾನೂ ಒಂದು ಸೈಟೇ ಕಣೆ. ಒತ್ತುವರಿ ಆಗಿದೆ ಅಷ್ಟೆ.’

ಕಛೇರಿಯಿಂದ ಗ್ರಾಫ್ ಹಾಳೆ ಬಂತು. ಚೆನ್ ಅವರಿಗೆ ಕೆಂಪು ಇಂಕು, ಚನ್ನಬಸವಯ್ಯನವರಿಗೆ ನೀಲಿ. ಬೆಳಿಗ್ಗೆ ಎದ್ದು ಮಂಡಿ ಮಡಿಸದೆ ಬಗ್ಗುವುದು, ಬೆರಳ ತುದಿಗೂ ನೆಲಕ್ಕೂ ಎಷ್ಟು ಅಂಗುಲ ಎಂದು ಪಂಕಜಾ ಸ್ಕೇಲು ಹಿಡಿದು ಹೇಳುವುದು. ಮನೆಯಿಂದ ಯಡಿಯೂರು ಕೆರೆಯ ಏರಿಯ ಕಡೆಗೆ ನಿಲ್ಲದೆ ಎಷ್ಟು ದೀಪದ ಕಂಬ ದಾಟಿದ ಎಂದು ಎಣಿಸುವುದು. ಕೊನೆಗೆ, ಹತ್ತಕ್ಕೆ ನೋವು ಎಷ್ಟು. ಮೂರು ಅಳತೆಗೆ ಮೂರು ಕಾಲಂ. ಎಷ್ಟೋ ಚೆಂದದ ಹಾಳೆ, ಕಛೇರಿಯಲ್ಲೂ ಅಷ್ಟು ಶುದ್ಧವಾಗಿ ಅವನು ಬರೆದದ್ದಿಲ್ಲ. ಅದರಲ್ಲಿ ಕಾಲಿಗೆ ಒಂದು ಕಾಲಂ ಇರಲಿಲ್ಲ.

ಚೆನ್ ಅವರದು ಮೌನದ ಸೂಜಿ. ಒಳ್ಳೆ ಕೂದಲೆಳೆಯಂಥದ್ದು. ಸೊಂಟವನ್ನು ಮುಟ್ಟುತ್ತಲೇ ಇರಲಿಲ್ಲ. ಮಂಡಿಯ ಹಿಂದೆ ಒಂದು, ಮುಂಗೈ ಮೇಲೆ ಎರಡು, ಎಡಗಾಲಿನ ಮುಂಭಾಗ ಒಂದು, ಪಾದದ ಮೇಲೊಂದು. ಆಳಕ್ಕೆ ಇಳಿಸಿ, ಎರಡು ಬೆರಳಲ್ಲಿ ಮೆಲ್ಲಗೆ ತಿರುಗಿಸುತ್ತ ಕೇಳುತ್ತಿದ್ದರು: ‘ಬಂತಾ?’

ಬರಬೇಕಾದದ್ದು ಒಂದು ಥರದ ಜುಮ್ಮು. ವೀಣೆಯ ತಂತಿ ಮೀಟಿದ ಹಾಗೆ ಸೂಜಿಯಿಂದ ಕೆಳಕ್ಕೆ ಹರಿಯುತ್ತಿತ್ತು. ಅದು ಬರುವ ತನಕ ಚೆನ್ ಬಿಡುತ್ತಿರಲಿಲ್ಲ. ಬಂದ ಮೇಲೆ ಇಪ್ಪತ್ತು ನಿಮಿಷ ಹಾಗೇ ಮಲಗಿಸಿ, ಆಚೆ ಕೋಣೆಯಲ್ಲಿ ಯಾರದೋ ಹಲ್ಲಿನ ಅಳತೆಗೆ ಹೋಗುತ್ತಿದ್ದರು. ‘ನೋವು ಇರೋ ಜಾಗ ಗೋಡೆ. ಬಾಗಿಲು ಬೇರೆ ಕಡೆ ಇರ್ತದೆ’ ಎಂದರು ಒಮ್ಮೆ. ಇಡೀ ಚಿಕಿತ್ಸೆಯಲ್ಲಿ ಅವರಾಡಿದ ಅತಿ ಉದ್ದದ ಮಾತು ಅದು.

ಚನ್ನಬಸವಯ್ಯನವರು ಆ ಮಾತನ್ನು ಕೇಳಿ ಮೀಸೆ ಅದುರಿಸಿದರು. ‘ಬಾಗ್ಲಂತೆ ಬಾಗ್ಲು! ಬೆಂಕಿ ಬಿದ್ದಿರೋದು ಅಡುಗೆಮನೇಲಿ, ನೀರು ಹೊಯ್ಯೋದು ಕಾಂಪೌಂಡಿಗಾ? ಬೋರಲು ಮಲಗ್ರಿ.’ ಅವರದು ನೋವಿದ್ದಲ್ಲೇ ಚುಚ್ಚುವ ಪದ್ಧತಿ. ಸೊಂಟದ ಸುತ್ತ ಹನ್ನೆರಡು, ತೊಡೆಯಿಂದ ಕಣಕಾಲಿನವರೆಗೆ ನೋವು ಹರಿದ ದಾರಿಯುದ್ದಕ್ಕೂ ಎಂಟು. ಚರ್ಮದಷ್ಟೇ ಆಳ. ‘ಏಕ್! ದೋ! ತೀನ್!’ ಎಂದು ಪರೇಡಿನ ದನಿಯಲ್ಲಿ ಎಣಿಸುತ್ತ ಚುಚ್ಚಿ, ಪ್ರತಿ ಸೂಜಿಯ ತಲೆಗೂ ಎಣ್ಣೆಯಲ್ಲಿ ಅದ್ದಿದ ಹತ್ತಿ ಸುತ್ತಿ ಕಡ್ಡಿ ಗೀರುತ್ತಿದ್ದರು. ಬೆನ್ನಿನಿಂದ ಕಾಲಿನವರೆಗೆ ಇಪ್ಪತ್ತು ದೀಪ. ‘ಕಾರ್ತಿಕ ನನ್ನ ಬೆನ್ನ ಮೇಲೇ ಶುರುವಾಯ್ತು ಸಾರ್’ ಎಂದರೆ, ‘ಅಲ್ಲಾಡಬ್ಯಾಡ್ರಿ, ಆಮೇಲೆ ಲಂಕಾದಹನ ಆಗ್ತದೆ’ ಎನ್ನುತ್ತಿದ್ದರು.

ಆಗಸ್ಟ್ ಕಳೆಯಿತು. ನೋವಿನ ಕೆಂಪು ಗೆರೆ ಒಂದಿಷ್ಟು ಇಳಿಯಿತು, ನೀಲಿ ಗೆರೆ ಇನ್ನಷ್ಟು ಇಳಿಯಿತು. ಸೆಪ್ಟೆಂಬರಿನಲ್ಲಿ ಕೆಂಪು ಮುಂದಾಯಿತು. ಕಛೇರಿಯಲ್ಲಿ ಎರಡು ಪಂಗಡವಾಗಿ, ದಿನಾ ಬೆಳಿಗ್ಗೆ ಬಂದವರೆಲ್ಲ ಕ್ರಿಕೆಟ್ ಸ್ಕೋರು ಕೇಳುವಂತೆ ‘ಇವತ್ತು ಚೆನ್ನೋ ಚನ್ನಬಸವಯ್ಯನೋ?’ ಎನ್ನುತ್ತಿದ್ದರು.

ಒಂದು ಭಾನುವಾರ ಬೈರಣ್ಣ ಬಂದು ಜಗಲಿಯ ಮೇಲೆ ಕೂತ. ಬಲಗಾಲನ್ನು ಎರಡು ಕೈಯಿಂದ ಎತ್ತಿ ಸರಿಯಾಗಿ ಇಟ್ಟುಕೊಂಡ, ಯಾರದೋ ಸಾಮಾನು ಇಟ್ಟ ಹಾಗೆ.

‘ಏನಯ್ನೋರೇ, ಸೊಂಟಕ್ಕೆ ಸೂಜಿ ಆಕಿಸ್ಕಂತಿದೀರಂತೆ? ಇಬ್ರತ್ರ?’

‘ಹೂಂ ಬೈರಣ್ಣನವರೆ. ಕಂಪೇರ್ ಮಾಡ್ತಿದೀನಿ.’

‘ನಾನೂ ಮಾಡಿದ್ನಲ್ಲ’ ಎಂದ ಬೈರಣ್ಣ. ‘ನಂಗೂ ಇಂಗೇ ಸೊಂಟ. ಕಾಲ್ ಮುಂದಾಗಿ ಉಟ್ಟಿದೋರು ತುಳಿದ್ರೆ ಓಯ್ತದೆ ಅಂದ್ರು. ಜರಗನಳ್ಳೀಲಿ ಮುನಿವೆಂಕಟಮ್ಮ ಅಂತ ಅಂಗೆ ಉಟ್ಟಿದೋಳು. ಮೂರು ಅಮಾಸೆ ಬಂದು ತುಳಿದ್ಲು. ಅತ್ಲಾಗೆ ಇನ್ನೊಬ್ಬ ಕಬ್ಬುಣ ಕಾಸಿ ಬರೆ ಆಕ್ದ. ಒಂದಿನ ಬೆಳಿಗ್ಗೆ ಎದ್ದು ನೋಡ್ತೀನಿ, ನೋವೇ ಇಲ್ಲ! ಅವ್ಳು ನಂದು ಅಂದ್ಲು, ಇವ್ನು ನಂದು ಅಂದ. ಇಬ್ರಿಗೂ ಒಂದೊಂದು ಕೋಳಿ ಕೊಟ್ಟೆ. ಮೂರ್ನೇ ದಿನ ಒಲದ ಬದಿನ ಮೇಲೆ ಓಯ್ತಿದೀನಿ, ಕಾಲಿನ ಎಕ್ಡ ಕಳಚ್ಕಂಡು ಬಿದ್ದದೆ. ನಂಗೆ ಗೊತ್ತೇ ಆಗಿಲ್ಲ. ಇಂದಕ್ಕೆ ತಿರುಗಿ ನೋಡುದ್ರೆ ಎಕ್ಡ ಅಲ್ಲಿ, ನಾನಿಲ್ಲಿ. ಅವತ್ತಿಂದ ಈ ಕಾಲು ನಂದಲ್ಲ.’

ಪಂಕಜಾ ಅಡುಗೆಮನೆಯ ಬಾಗಿಲಲ್ಲಿ ನಿಂತುಬಿಟ್ಟಳು. ‘ಡಾಕ್ಟರೂ ಇದನ್ನೇ ಅಲ್ವೇನ್ರೀ ಹೇಳಿದ್ದು?’

‘ಉಷಾರು ಅಯ್ನೋರೇ’ ಎಂದ ಬೈರಣ್ಣ. ‘ನೋವು ಓಗ್ತಾ ಓಗ್ತಾ ಒಬ್ಬೊಬ್ರ ಕಾಲೂ ತಗಂಡೋಯ್ತದೆ.’

ತಿರುಮಲೇಶ ಕಣ್ಣರಳಿಸಿ ಕೇಳುತ್ತಿದ್ದ. ‘ಎಕ್ಡ’ ಎನ್ನುವಾಗ ಕೆಳತುಟಿ ಹೊರಕ್ಕೆ ಬರುವುದು, ‘ಓಯ್ತದೆ’ ಎನ್ನುವಾಗ ಕೈ ಗಾಳಿಯಲ್ಲಿ ಹಕ್ಕಿ ಬಿಡುವುದು. ಬೈರಣ್ಣ ಟಪ್ ಟಪ್ ಎಂದು ಗೇಟು ದಾಟಿದ ತಕ್ಷಣ, ಇವನು ಜಗಲಿಯ ಮೇಲೆ ಅದೇ ಜಾಗದಲ್ಲಿ ಕೂತು, ಬಲಗಾಲನ್ನು ಎರಡು ಕೈಯಿಂದ ಎತ್ತಿಟ್ಟು, ‘ಒಬ್ಬೊಬ್ರ ಕಾಲೂ ತಗಂಡೋಯ್ತದೆ’ ಎಂದ. ಬೈರಣ್ಣನೇ ವಾಪಸು ಬಂದ ಹಾಗಿತ್ತು. ಪಂಕಜಾ ನಗಲಿಲ್ಲ.

‘ಆ ಮನುಷ್ಯ ಹೇಳಿದ್ದು ಕೇಳಿಸ್ತಾ ನಿಮಗೆ?’

‘ಪ್ರತಿ ಅಕ್ಷರ’ ಎಂದ.

ನವೆಂಬರ್ ಒಂದಕ್ಕೆ ಕಛೇರಿಯ ರಿಕ್ರಿಯೇಷನ್ ಕ್ಲಬ್ಬಿನ ರಾಜ್ಯೋತ್ಸವ ಕಾರ್ಯಕ್ರಮವಿತ್ತು. ಜಯನಗರದ ಶಾಲೆಯೊಂದರ ಹಾಲ್ ಗೊತ್ತುಮಾಡಿದ್ದರು. ಕಾರ್ಯದರ್ಶಿ ಸೀನು ‘ತಿರುಮಲೇಶರಿಂದ ನಡಿಗೆಯ ಅಣಕು’ ಎಂದು ಕಾರ್ಡಿನಲ್ಲೇ ಅಚ್ಚು ಹಾಕಿಸಿದ್ದ. ‘ಬೈರಣ್ಣನೇ ಕೊನೇ ಐಟಂ ಗುರು. ಎಲ್ಲರೂ ಅದಕ್ಕೇ ಬರೋದು. ಸೊಂಟ ಕೈ ಕೊಡಬಾರದು.’

‘ಸೊಂಟ ಕೈ ಕೊಟ್ಟರೂ ಕಾಲು ಕೊಡುತ್ತೆ ಬಿಡೋ’ ಎಂದ ತಿರುಮಲೇಶ.

ಅಂದಿನಿಂದ ಮನೆಯಲ್ಲಿ ಅಭ್ಯಾಸ. ಬಚ್ಚಲಿನಿಂದ ಅಡುಗೆಮನೆಗೆ ಟಪ್ ಟಪ್, ಅಡುಗೆಮನೆಯಿಂದ ಹಜಾರಕ್ಕೆ ಟಪ್ ಟಪ್. ಪಕ್ಕದ ಮನೆಯವರು ಮಾಲೀಕ ಬಂದನೆಂದು ಎರಡು ಸಲ ಬಾಗಿಲು ತೆರೆದರು.

ಅಕ್ಟೋಬರಿನ ಎರಡನೆಯ ವಾರ ಚನ್ನಬಸವಯ್ಯನವರದು. ಚಿಕಿತ್ಸೆ ಮುಗಿಸಿ ಬಂದ ಸಂಜೆ ಪಂಕಜಾ ಅವನ ಎಡಗಾಲಿನ ಮೇಲೆ ಹುಣಸೆಬೀಜದಷ್ಟು ದೊಡ್ಡ ಬೊಬ್ಬೆ ನೋಡಿದಳು. ಹತ್ತಿ ಉರಿದು ಚರ್ಮಕ್ಕೆ ಬಿದ್ದಿತ್ತು.

‘ಇಷ್ಟು ಸುಟ್ಟಿದೆ, ಕೂಗಬಾರದಾ?’

ತಿರುಮಲೇಶ ಬಗ್ಗಿ ನೋಡಿದ. ಬೆರಳಲ್ಲಿ ಒತ್ತಿದ. ‘ಉರಿನೇ ಇಲ್ವಲ್ಲ’ ಎಂದ. ಅವನ ಮುಖದಲ್ಲಿದ್ದದ್ದು ಸಂತೋಷ. ‘ನೋಡು, ನೋವು ಎಷ್ಟು ಕಡಿಮೆಯಾಗಿದೆ ಅಂತ! ಸುಟ್ಟರೂ ಗೊತ್ತಾಗಲಿಲ್ಲ. ನೀಲಿಗೆ ಒಂದು ಪಾಯಿಂಟು.’

ಮುಂದಿನ ವಾರ ಚೆನ್. ಅದೇ ಕೋಣೆ, ಅದೇ ಮಂಚ. ಮಂಡಿಯ ಹಿಂದಿನ ಸೂಜಿಗೆ ಜುಮ್ಮು ಬಂತು. ಮುಂಗೈಗೆ ಬಂತು. ಎಡಗಾಲಿನ ಮುಂಭಾಗದ ಸೂಜಿಯನ್ನು ತಿರುಗಿಸುತ್ತ ಚೆನ್ ಕೇಳಿದರು: ‘ಬಂತಾ?’

ಬರಲಿಲ್ಲ.

ಮತ್ತೆ ತಿರುಗಿಸಿದರು. ಇನ್ನೂ ಕೆಳಗೆ ಒಂದು ಹಾಕಿದರು. ಪಾದದ ಮೇಲೆ ಮತ್ತೊಂದು. ‘ಬಂತಾ?’ ಅವರ ಬೋಳು ತಲೆ ಬಗ್ಗಿಯೇ ಇತ್ತು. ಆಚೆ ಕೋಣೆಯಲ್ಲಿ ಹಲ್ಲು ನೋವಿನವನೊಬ್ಬ ನರಳುತ್ತಿದ್ದ, ಅವರು ಆ ಕಡೆ ತಿರುಗಲಿಲ್ಲ. ಇಷ್ಟು ದಿನ ಕೂದಲಿನಂತೆ ಹಗುರವಾಗಿದ್ದ ಕೈ ಈಗ ಪಾದವನ್ನು ಗಟ್ಟಿಯಾಗಿ ಹಿಡಿದುಕೊಂಡಿತ್ತು. ಹಿಡಿದದ್ದು ಕಣ್ಣಿಗೆ ಕಾಣುತ್ತಿತ್ತು, ಕಾಲಿಗೆ ಗೊತ್ತಾಗುತ್ತಿರಲಿಲ್ಲ.

‘ಬಂತಾ? ನಿಜ ಹೇಳಬೇಕು.’

ತಿರುಮಲೇಶ ಗ್ರಾಫ್ ನೆನೆದ. ಇದೊಂದು ವಾರ ಲೆಕ್ಕಕ್ಕಿಲ್ಲದೆ ಹೋದರೆ ಕೆಂಪು ಗೆರೆ ಮಧ್ಯದಲ್ಲಿ ತುಂಡಾಗುತ್ತದೆ. ಎರಡೂವರೆ ತಿಂಗಳ ಹೋಲಿಕೆ ಅಲ್ಲಿಗೆ ಕೆಟ್ಟಂತೆ. ಅಲ್ಲದೆ, ಇಲ್ಲ ಎಂದರೆ ಇವರು ಡಾಕ್ಟರ ಹತ್ತಿರ ಕಳಿಸುತ್ತಾರೆ, ಆ ಮೂಗಿನ ಡಾಕ್ಟರು ಕತ್ತಿ ತೆಗೆಯುತ್ತಾರೆ.

‘ಬಂತು’ ಎಂದ.

ಚೆನ್ ತಲೆ ಎತ್ತಿ ಅವನ ಮುಖ ನೋಡಿದರು. ಅವನ ಮುಖ ಸರಿಯಾಗಿ ಜುಮ್ಮು ಬಂದವನ ಮುಖವೇ ಆಗಿತ್ತು. ಹಿಂದಿನ ಸಲ ಬಂದಾಗ ತನ್ನ ಮುಖ ಹೇಗಾಗಿತ್ತೆಂದು ಅವನಿಗೆ ಗೊತ್ತಿತ್ತು, ಅದನ್ನೇ ಮಾಡಿ ತೋರಿಸಿದ್ದ. ಚೆನ್ ನಂಬಿದರು. ಇಪ್ಪತ್ತು ನಿಮಿಷ ಬಿಟ್ಟು ಸೂಜಿ ತೆಗೆದರು.

ಅಕ್ಟೋಬರ್ ಇಪ್ಪತ್ತರ ಬೆಳಿಗ್ಗೆ ತಿರುಮಲೇಶ ಎದ್ದು ಕೂತ. ಏನೋ ಇಲ್ಲ ಎನಿಸಿತು. ಬಗ್ಗಿದ. ನೆಟ್ಟಗಾದ. ತಿರುಗಿದ. ಸೊಂಟ, ತೊಡೆ, ಹೆಬ್ಬೆರಳು, ಎಲ್ಲೂ ಇಲ್ಲ. ಆರು ತಿಂಗಳಿಂದ ಬಿಡದೆ ಓಡಿದ ಬಸ್ಸು ಡಿಪೋ ಸೇರಿತ್ತು.

‘ಪಂಕಜಾ! ಸೊನ್ನೆ! ನೋವು ಸೊನ್ನೆ ಕಣೆ!’

ಪಂಕಜಾ ಸೌಟು ಹಿಡಿದೇ ಓಡಿ ಬಂದಳು. ಅವನು ಕುಣಿಯುವುದು ಕಂಡು ಅವಳ ಮುಖವೂ ಅರಳಿತು. ಬೆಳಿಗ್ಗೆಯೆಲ್ಲ ನರಳುವ ಸದ್ದಿಲ್ಲದ ಮನೆ ಹೇಗಿರುತ್ತದೆಂದು ಅವಳೂ ಮರೆತಿದ್ದಳು. ಒಂದೇ ಗಳಿಗೆ. ಆಮೇಲೆ ಕೇಳಿದಳು: ‘ರೀ, ಆ ಬೆರಳು ಎತ್ತಿ ನೋಡಿ.’

‘ಲಿಸ್ಸನ್, ಮಿಸ್ಸೆಸ್ ತಿರುಮಲೇಶ್!’ ಎಂದು ಮೂಗು ಹಿಡಿದು, ಬೆರಳೆತ್ತಿ ತೋರಿಸಿದ. ಬೆರಳು ಚೆನ್ನಾಗಿ ಎದ್ದವು. ಪಂಕಜಾ ಸಮಾಧಾನದಿಂದ ಒಳಗೆ ಹೋದಳು. ತಿಂಗಳುಗಟ್ಟಲೆ ಮಾಡಿದ ಅಣಕು ತನ್ನಷ್ಟಕ್ಕೆ ಬಂದಿತ್ತು, ಮಾಡಿದ ರೀತಿಯಲ್ಲೇ. ಎದ್ದದ್ದು ಬಲಗಾಲಿನ ಬೆರಳು. ಇಬ್ಬರಲ್ಲಿ ಒಬ್ಬರೂ ಗಮನಿಸಲಿಲ್ಲ.

ಕೆಂಪು ಗೆರೆ, ನೀಲಿ ಗೆರೆ ಎರಡೂ ಹಾಳೆಯ ತಳಕ್ಕೆ ಬಂದು ಮುಟ್ಟಿದ್ದವು. ಈಗ ಗೆದ್ದವರು ಯಾರು? ಅದನ್ನೇ ಅವನು ಹಗಲೆಲ್ಲ ತೂಗಿದ. ಚನ್ನಬಸವಯ್ಯನವರು ‘ನಂದ್ರೀ, ಬೆಂಕಿ ಮುಂದೆ ಏನು ನಿಲ್ತದೆ?’ ಎಂದು ಮೀಸೆ ತಿರುವಿದರು. ಚೆನ್ ಅವರಿಗೆ ಹೇಳಿದಾಗ ಅವರು ನಗಲಿಲ್ಲ. ‘ಪೂರ್ತಿ ಹೋಯಿತಾ? ಒಂದೇ ದಿನದಲ್ಲಿ?’ ಎಂದರು. ‘ನಾಳೆ ಬನ್ನಿ. ನಡೆದು ತೋರಿಸಿ.’ ವಾಸಿಯಾದವನಿಗೆ ನಾಳೆ ಯಾಕೆ? ತಿರುಮಲೇಶ ಹೋಗಲಿಲ್ಲ.

ಇಪ್ಪತ್ತಮೂರನೆಯ ತಾರೀಖು, ಕೆರೆ ಏರಿಯ ಕಡೆಯಿಂದ ಸಂಜೆ ತಿರುಗಾಡಿ ಬಂದವನನ್ನು ಪಂಕಜಾ ಬಾಗಿಲಲ್ಲೇ ತಡೆದಳು.

‘ಎಡಗಾಲಿನ ಚಪ್ಪಲಿ ಎಲ್ರೀ?’

ಕೆಳಗೆ ನೋಡಿದ. ಬಲಗಾಲಲ್ಲಿತ್ತು. ಎಡಗಾಲು ಬರಿದಾಗಿತ್ತು. ಪಾದವೆಲ್ಲ ದೂಳು, ಹೆಬ್ಬೆರಳಿನ ತುದಿ ಕಿತ್ತು ರಕ್ತ ಬಂದಿತ್ತು. ಚಪ್ಪಲಿ ಮೂರನೆಯ ದೀಪದ ಕಂಬದ ಹತ್ತಿರ ಸಿಕ್ಕಿತು, ಮೂತಿಯನ್ನು ಮನೆಯ ಕಡೆ ಮಾಡಿಕೊಂಡು, ಇವನ ಹಿಂದೆಯೇ ಬರಲು ಹೊರಟು ಸುಸ್ತಾದ ಹಾಗೆ.

‘ಬಾರು ಸಡಿಲವಾಗಿದೆ’ ಎಂದ ತಿರುಮಲೇಶ. ಬಾರು ಬಿಗಿಯಾಗಿಯೇ ಇತ್ತು. ಆ ಕ್ಷಣ ಜಗಲಿಯ ಮೇಲೆ ಯಾರೋ ‘ಎಕ್ಡ ಅಲ್ಲಿ, ನಾನಿಲ್ಲಿ’ ಎಂದ ಹಾಗಾಯಿತು. ಜಗಲಿಯ ಮೇಲೆ ಯಾರೂ ಇರಲಿಲ್ಲ. ಅಂದದ್ದು ತಾನೇ, ತನ್ನ ಬಾಯಲ್ಲೇ, ಬೈರಣ್ಣನ ದನಿಯಲ್ಲಿ. ಎಷ್ಟು ಚೆನ್ನಾಗಿ ಬಂತು ಎಂದುಕೊಂಡ. ಕಾರ್ಯಕ್ರಮಕ್ಕೆ ಈ ಮಾತನ್ನೂ ಸೇರಿಸಬೇಕು.

ಇಪ್ಪತ್ತೆಂಟರಂದು ಅವನು ಊಟ ಮಾಡಿ ಕೈತೊಳೆಯಲು ಹೋಗುತ್ತಿದ್ದಾಗ ಪಂಕಜಾ ಬೇಸರದಿಂದ ಹೇಳಿದಳು: ‘ಊಟದ ಹೊತ್ತಲ್ಲೂ ಯಾಕ್ರೀ ಆ ನಡಿಗೆ? ಸ್ವಲ್ಪ ನಿಲ್ಲಿಸಿ. ಕೇಳಿ ಕೇಳಿ ತಲೆ ಚಿಟ್ಟು ಹಿಡೀತು.’

‘ನಾನೆಲ್ಲಿ ಮಾಡ್ದೆ?’ ಎಂದ.

ಬಚ್ಚಲಲ್ಲಿ ನಲ್ಲಿಯ ನೀರು ತೊಟ್ಟಿಕ್ಕುತ್ತಿತ್ತು.

‘ಅಭ್ಯಾಸ ಮೈಗೆ ಹತ್ತಿಬಿಟ್ಟಿದೆ’ ಎಂದ ತಿರುಮಲೇಶ ಕೊನೆಗೆ. ‘ಕಲೆ ಅಂದ್ರೆ ಹಂಗೇ. ನಾವು ಬಿಟ್ಟರೂ ಅದು ಬಿಡಲ್ಲ.’ ಪಂಕಜಾ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಅವನು ಅಂದು ಮತ್ತೆ ಗೆಲುವಾಗಲಿಲ್ಲ. ಮಲಗುವ ಮುನ್ನ ಎಡಗಾಲನ್ನು ಒಮ್ಮೆ ನೋಡಬೇಕೆಂದುಕೊಂಡು, ನೋಡದೆ, ಹೊದಿಕೆ ಎಳೆದುಕೊಂಡ.

ನವೆಂಬರ್ ಒಂದು. ಹಾಲ್ ಕಿಕ್ಕಿರಿದಿತ್ತು. ಕಛೇರಿಯವರು, ಅವರ ಮನೆಯವರು, ಯಡಿಯೂರಿನಿಂದ ಹಿಂಡುಗಟ್ಟಿ ಬಂದವರು. ಮುಂದಿನ ಸಾಲಿನ ತುದಿಯ ಕುರ್ಚಿಯಲ್ಲಿ ಬೈರಣ್ಣ, ಬಿಳಿ ರುಮಾಲು ಸುತ್ತಿ, ಬಲಗಾಲನ್ನು ಎರಡು ಕೈಯಿಂದ ಎತ್ತಿ ಸರಿಯಾಗಿ ಇಟ್ಟುಕೊಂಡು ಕೂತಿದ್ದ. ಸೀನುವೇ ಹೋಗಿ ಕರೆದು ತಂದಿದ್ದ. ‘ನನ್ ನಡಿಗೆ ನಾನೇ ನೋಡಿಲ್ಲ ಕಣಪ್ಪ. ತೋರ್ಸು’ ಎಂದಿದ್ದನಂತೆ.

ಸೂಪರಿಂಟೆಂಡೆಂಟರ ಹೊಟ್ಟೆಗೆ ನಗೆ ಬಂತು. ಹೆಡ್‌ಗುಮಾಸ್ತರ ಬಿಸಿ ಹೆಂಚಿಗೆ ಬಂತು. ಅವೆರಡರಲ್ಲೂ ಎಡಗಾಲು ಒಂದೆರಡು ಸಲ ಹಲಗೆಗೆ ಎಡವಿತು, ಜನ ಅದಕ್ಕೂ ನಕ್ಕರು. ಡಾಕ್ಟರ ‘ಬೆರ್ರಳೆತ್ತಿ’ಗೆ ಹೆಂಗಸರ ಕಡೆಯಿಂದ ಚಪ್ಪಾಳೆ. ಕೊನೆಗೆ ಸೀನು ಪಕ್ಕದಿಂದ ಕೂಗಿದ: ‘ಈಗ, ನಮ್ಮೆಲ್ಲರ ಮನೆ ಮಾಲೀಕರು!’

ತಿರುಮಲೇಶ ಪರದೆಯ ಅಂಚಿನಲ್ಲಿ ನಿಂತು ಉಸಿರೆಳೆದುಕೊಂಡ. ದಿನಾ ಮಾಡುವಾಗ ಮಂಡಿ ಇಷ್ಟು, ಪಾದ ಇಷ್ಟು ಎಂದು ಮನಸ್ಸಿನಲ್ಲೇ ಅಳೆಯುತ್ತಿದ್ದ. ಅಂದು ಯಾವುದನ್ನೂ ಅಳೆಯಬೇಕೆನಿಸಲಿಲ್ಲ. ಮೈಯನ್ನು ಅದರ ಪಾಡಿಗೆ ಬಿಟ್ಟು ಹೊರಟ.

ಟಪ್.

ಹಲಗೆಯ ವೇದಿಕೆ. ಸದ್ದು ಹಾಲಿನ ಹಿಂದಿನ ಗೋಡೆಗೆ ಹೋಗಿ ಬಂತು. ಟಪ್. ಟಪ್. ಮಂಡಿ ಎತ್ತರಕ್ಕೆ, ಪಾದ ಜೋತು, ಟಪ್. ಮೊದಲು ಮಕ್ಕಳು ಕಿರುಚಿದವು. ಆಮೇಲೆ ಇಡೀ ಹಾಲ್ ಬಿದ್ದು ಬಿದ್ದು ನಕ್ಕಿತು. ಒಬ್ಬರು ಕಣ್ಣೊರೆಸಿಕೊಂಡರು, ಒಬ್ಬರು ಪಕ್ಕದವರ ಭುಜದ ಮೇಲೆ ಬಿದ್ದರು. ಈ ತುದಿಯಿಂದ ಆ ತುದಿಗೆ ಹೋದ, ತಿರುಗಿ ಬಂದ. ‘ಎಕ್ಡ ಅಲ್ಲಿ, ನಾನಿಲ್ಲಿ!’ ಎಂದ. ಸಿಳ್ಳು ಬಿತ್ತು. ಇಂಥ ಚಪ್ಪಾಳೆಯನ್ನು ಅವನು ಜನ್ಮದಲ್ಲಿ ಕೇಳಿರಲಿಲ್ಲ. ನಗದೆ ಇದ್ದವರು ಇಬ್ಬರೇ. ಹೆಂಗಸರ ಸಾಲಿನಲ್ಲಿ ಪಂಕಜಾ. ಮುಂದಿನ ಸಾಲಿನ ತುದಿಯಲ್ಲಿ ಬೈರಣ್ಣ. ಅವನು ಕುರ್ಚಿಯ ಅಂಚಿಗೆ ಬಂದು, ಕತ್ತು ಚಾಚಿ, ವೇದಿಕೆಯ ಮೇಲಿನ ಪಾದಗಳನ್ನೇ ನೋಡುತ್ತಿದ್ದ.

ಪರದೆ ಬಿತ್ತು. ತಿರುಮಲೇಶ ಬೆವರು ಒರೆಸಿಕೊಳ್ಳುತ್ತ ಒಳಗೆ ಬಂದ. ಸೀನು ಅಪ್ಪಿಕೊಂಡ. ‘ಏನ್ ಮಾಡ್ದೆ ಗುರು! ಬೈರಣ್ಣಂಗಿಂತ ಬೈರಣ್ಣ!’

ತಿರುಮಲೇಶ ನಗುತ್ತ ನೀರಿನ ಹೂಜಿಯ ಕಡೆ ಹೊರಟ. ಟಪ್. ಟಪ್.

‘ಸಾಕು ಗುರು, ಐಟಂ ಮುಗೀತು’ ಎಂದ ಸೀನು. ‘ಈಗ ನಿನ್ನ ನಡಿಗೆ ನಡಿ.’

ತಿರುಮಲೇಶ ನಿಂತ. ತನ್ನ ನಡಿಗೆ ನಡೆಯಲು ಹೆಜ್ಜೆ ಎತ್ತಿದ. ಟಪ್. ಇನ್ನೊಂದು ಎತ್ತಿದ, ಈ ಸಲ ಮಂಡಿಯನ್ನು ಎತ್ತದೆ. ಪಾದ ನೆಲದ ಮೇಲೆ ಎಳೆದುಕೊಂಡು ಹೋಗಿ ಹಲಗೆಯ ಸಂದಿಗೆ ಸಿಕ್ಕಿ, ಅವನು ಮುಗ್ಗರಿಸಿ ಹೂಜಿಯ ಮೇಲೆ ಬೀಳುವಂತಾಯಿತು. ಸೀನು ಇದನ್ನೂ ಐಟಂ ಎಂದುಕೊಂಡು ಕೇಕೆ ಹಾಕಿದ.

ಹಿಂದಿನ ಬಾಗಿಲಿನಿಂದ ಸದ್ದು ಬಂತು. ಟಪ್, ಟಪ್. ಈ ಸಲ ತಿರುಮಲೇಶನದಲ್ಲ. ಬೈರಣ್ಣ ಒಳಗೆ ಬಂದು, ಅವನ ಎದುರು ನಿಂತು, ತೋಳು ಹಿಡಿದು ಅಲ್ಲಿದ್ದ ಬೆಂಚಿನ ಮೇಲೆ ಕೂರಿಸಿದ.

‘ಚೆಂದಾಗಿ ಮಾಡುದ್ರಿ ಅಯ್ನೋರೇ’ ಎಂದ ಮೆಲ್ಲಗೆ. ‘ಆದ್ರೆ ನಂದು ಬಲಗಾಲು.’

ತಿರುಮಲೇಶ ಅವನ ಬಲಗಾಲನ್ನು ನೋಡಿದ. ಆಮೇಲೆ ತನ್ನ ಎಡಗಾಲನ್ನು ನೋಡಿದ. ಇಷ್ಟು ಹೊತ್ತು ವೇದಿಕೆಯ ಮೇಲೆ ಬಡಿದದ್ದು ಅದು.

‘ನೋವು ಯಾವತ್ತು ನಿಲ್ತು?’

‘ಇಪ್ಪತ್ತನೇ ತಾರೀಖು.’

ಬೈರಣ್ಣ ಬೆರಳು ಮಡಿಸಿದ. ಒಂದು ಕೈಯ ಬೆರಳು ಮುಗಿದು, ಇನ್ನೊಂದರದೂ ಮುಗಿದು, ಮತ್ತೆ ಎರಡು ಬೆರಳು: ಹನ್ನೆರಡು. ಎರಡು ದಿನ, ಹೆಚ್ಚೆಂದರೆ ಮೂರು ದಿನ ಎಂದು ಮೂಗಿನಲ್ಲಿ ಹೇಳಿದ ಮಾತು, ಸಾವಿರ ಸಲ ತಾನೇ ಆಡಿದ್ದ ಮಾತು, ಈಗ ಮೊದಲ ಬಾರಿಗೆ ತಿರುಮಲೇಶನಿಗೆ ಮೂಗಿಲ್ಲದೆ ಕೇಳಿಸಿತು. ಪಂಕಜಾ ಬಾಗಿಲಲ್ಲಿ ಬಂದು ನಿಂತಿದ್ದಳು. ಅವಳು ಕೇಳುವ ಮೊದಲೇ ಅವನು ಹಿಮ್ಮಡಿ ಊರಿದ. ಎಡಗಾಲಿನ ಬೆರಳುಗಳಿಗೆ ಮೇಲಕ್ಕೆ ಏಳಲು ಹೇಳಿದ.

ಕಾಯ್ದ. ಮತ್ತೆ ಹೇಳಿದ. ಹಣೆಯ ನರ ಉಬ್ಬಿತು, ಕತ್ತಿನ ನರ ಉಬ್ಬಿತು. ಕೆಳಗೆ ಐದು ಬೆರಳೂ ದೂಳಿನಲ್ಲಿ ಬಿದ್ದ ಹಾಗೇ ಬಿದ್ದಿದ್ದವು.

‘ಏಳಾಕಿಲ್ಲ ಬುಡಿ’ ಎಂದ ಬೈರಣ್ಣ. ‘ನಂದು ಏಳ್ದೆ ಅದ್ನಾರು ವರ್ಸ ಆಯ್ತು.’

ಪರದೆಯ ಆಚೆ ಜನ ಇನ್ನೂ ಎದ್ದಿರಲಿಲ್ಲ. ಚಪ್ಪಾಳೆ ಒಂದು ತಾಳಕ್ಕೆ ಬಂದು, ತಾಳದ ಮೇಲೆ ಕೂಗು ಶುರುವಾಗಿತ್ತು: ‘ಒನ್ಸ್ ಮೋರ್! ಬೈ-ರಣ್-ಣ! ಒನ್ಸ್ ಮೋರ್!’

‘ಬಾರೋ, ಕೇಳ್ತಿದಾರೆ!’ ಎಂದು ಸೀನು ತೋಳು ಹಿಡಿದು ಎಬ್ಬಿಸಿದ. ತಿರುಮಲೇಶ ಎದ್ದ. ಮಂಡಿಯನ್ನು, ಇಲ್ಲದ ಹೊಸ್ತಿಲನ್ನು ದಾಟುವವನಂತೆ, ಎತ್ತರಕ್ಕೆ ಎತ್ತಿದ. ಹಾಗೆ ಎತ್ತದೆ ಇನ್ನು ಅವನಿಗೆ ಹೆಜ್ಜೆ ಇರಲಿಲ್ಲ. ಪರದೆಯ ಹೊರಗೆ ಜನ ಅವನ ಮೊದಲ ಟಪ್ ಕೇಳಿಯೇ ನಗಲು ಶುರುಮಾಡಿದರು.